ತಕ್ಕಡಿಯೂ ತೂಗುವ ಕೈಯೂ: ನೆದರ್ಲೆಂಡ್ಸ್ ಕಲಿತ ಪಾಠ

ತಕ್ಕಡಿ ತಪ್ಪು ತೂಗಿದರೆ ಅಂಗಡಿಯವನು ತಕ್ಕಡಿಯನ್ನು ದೂರಿ ಪಾರಾಗುವಂತಿಲ್ಲ. ವ್ಯವಹಾರ ಬಲ್ಲವರೆಲ್ಲರೂ ಒಪ್ಪುವ ಮಾತಿದು. ಇಂದು ಬ್ಯಾಂಕುಗಳಲ್ಲಿಯೂ ಸರಕಾರಿ ಕಚೇರಿಗಳಲ್ಲಿಯೂ ಅರ್ಹರನ್ನು ಅನರ್ಹರಿಂದ ಬೇರ್ಪಡಿಸುವ ಕೆಲಸ ಕೃತಕ ಬುದ್ಧಿಮತ್ತೆಯ ಪಾಲಿಗೆ ಬರುತ್ತಿದೆ. ಈ ಹೊಸ ತಕ್ಕಡಿ ತಪ್ಪಿದಾಗ ಹೊಣೆ ಯಾರದು? ನೆದರ್ಲೆಂಡ್ಸ್ ದೇಶದ ಇತ್ತೀಚಿನ ಇತಿಹಾಸವು ಈ ಪ್ರಶ್ನೆಗೆ ಕಹಿಯಾದ ಉತ್ತರವೊಂದನ್ನು ನೀಡಿದೆ.

ದುಡಿಯುವ ತಂದೆತಾಯಿಯರು ಮಕ್ಕಳನ್ನು ಶಿಶುವಿಹಾರಗಳಲ್ಲಿ ಬಿಟ್ಟಾಗ ತಗಲುವ ವೆಚ್ಚಕ್ಕೆ ಆ ದೇಶದ ಸರಕಾರವು ಸಹಾಯಧನ ಕೊಡುತ್ತದೆ. 2005ರ ವ್ಯವಸ್ಥೆಯಂತೆ ಅದರ ವಿತರಣೆ ತೆರಿಗೆ ಇಲಾಖೆಗೆ ಸೇರಿತು. ಹಣವನ್ನು ಮುಂಗಡವಾಗಿ ಕೊಟ್ಟು, ಲೆಕ್ಕವನ್ನು ಆಮೇಲೆ ನೋಡುವುದು ಪದ್ಧತಿ. 2013ರಲ್ಲಿ ಬಲ್ಗೇರಿಯಾದ ವಂಚಕರ ಜಾಲವೊಂದು ಸರಕಾರದ ಸಹಾಯಧನಗಳನ್ನು ಲಪಟಾಯಿಸಿದ ಸಂಗತಿ ಬಯಲಾಯಿತು. ಜನ ಕೆರಳಿದರು, ಸಂಸತ್ತು ಬಿಗಿಯಾದ ಕ್ರಮವನ್ನು ಬಯಸಿತು.

ಅದೇ ವರ್ಷದಿಂದ ಇಲಾಖೆಯು ಅರ್ಜಿಗಳನ್ನು ಶೋಧಿಸಲು ತಾನೇ ಕಲಿಯುವ ಗಣಕ ವ್ಯವಸ್ಥೆಯೊಂದನ್ನು ಬಳಸತೊಡಗಿತು. ಹಿಂದಿನ ಸರಿಯಾದ ಮತ್ತು ತಪ್ಪಾದ ಅರ್ಜಿಗಳ ಉದಾಹರಣೆಗಳಿಂದ ಕಲಿತ ಅದು, ಪ್ರತಿಯೊಂದು ಅರ್ಜಿಗೂ ಅಪಾಯದ ಅಂಕವೊಂದನ್ನು ಕೊಡುತ್ತಿತ್ತು. ಹೆಚ್ಚು ಅಂಕ ಪಡೆದ ಅರ್ಜಿಗಳು ಅಧಿಕಾರಿಯ ಮೇಜಿಗೆ ಬರುತ್ತಿದ್ದವು. ಆದರೆ ಅಂಕ ಏಕೆ ಹೆಚ್ಚಾಯಿತೆಂಬುದನ್ನು ಯಂತ್ರವು ಅಧಿಕಾರಿಗೂ ತಿಳಿಸುತ್ತಿರಲಿಲ್ಲ. ಅರ್ಜಿದಾರರು ಡಚ್ ಪೌರರೋ ಅಲ್ಲವೋ ಎಂಬುದೂ ಅಂಕ ನಿರ್ಧರಿಸುವ ಲಕ್ಷಣಗಳಲ್ಲಿ ಒಂದಾಗಿತ್ತು. ಕಡಿಮೆ ವರಮಾನವೂ ಸಂದೇಹಕ್ಕೆ ಎಡೆಗೊಟ್ಟಿತೆಂದು ಮುಂದೆ ತಿಳಿದುಬಂತು. ನೆರವು ಯಾರಿಗೆ ಅತ್ಯಗತ್ಯವೋ ಅವರೇ ಶಂಕಿತರಾದರು.

ಸಂದೇಹಕ್ಕೆ ಒಳಗಾದವರ ಪಾಡು ದಾರುಣವಾಗಿತ್ತು. ಒಂದು ಸಹಿ ಬಿಟ್ಟುಹೋಗಿದ್ದರೆ, ತಮ್ಮ ಪಾಲಿನ ಸಣ್ಣ ಮೊತ್ತವೊಂದು ಪಾವತಿಯಾಗದಿದ್ದರೆ, ಇಡೀ ವರ್ಷದ ಸಹಾಯಧನವನ್ನು ಹಿಂದಿರುಗಿಸಬೇಕಿತ್ತು. ಕೆಲವರ ಮೇಲೆ ಹತ್ತಾರು ಸಾವಿರ ಯೂರೋಗಳ ಸಾಲ ಬಿತ್ತು. ಬೇಕೆಂದೇ ತಪ್ಪೆಸಗಿದವರೆಂಬ ಹಣೆಪಟ್ಟಿ ಹೊತ್ತವರಿಗೆ ಕಂತಿನಲ್ಲಿ ತೀರಿಸುವ ಸಾಮಾನ್ಯ ಅನುಕೂಲವೂ ದೊರೆಯಲಿಲ್ಲ. ಮನೆಗಳು ಹೋದವು, ದಾಂಪತ್ಯಗಳು ಮುರಿದವು. ಸಂತ್ರಸ್ತ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ಬೇರೆಡೆ ಇರಿಸಲಾಗಿತ್ತೆಂದು ಅಲ್ಲಿನ ಅಂಕಿಅಂಶಗಳ ಇಲಾಖೆ 2021ರಲ್ಲಿ ಪ್ರಕಟಿಸಿತು. ಅದಕ್ಕೆಲ್ಲ ಸಾಲವೊಂದೇ ಕಾರಣವೆನ್ನಲಾಗದು. ಆದರೂ ಆ ಸಂಖ್ಯೆ ದೇಶದ ಮನಸ್ಸನ್ನು ಕಲಕಿತು.

ಇಷ್ಟಕ್ಕೂ ಯಂತ್ರವೊಂದೇ ಕಾರಣವೇ? ಅಲ್ಲ. ಯಂತ್ರವು ಬೊಟ್ಟು ಮಾಡಿತು, ಅಷ್ಟೆ. ಅದಕ್ಕೆ ಸಿಗದ ಅನೇಕ ಕುಟುಂಬಗಳನ್ನು ಅಧಿಕಾರಿಗಳೇ ಗುಂಪುಗುಂಪಾಗಿ ಶಂಕಿಸಿದ್ದರು. ಕಠೋರವಾದ ಕಾನೂನನ್ನು ರಚಿಸಿದ್ದು ಸಂಸತ್ತು. ಅದನ್ನು ಅಕ್ಷರಶಃ ಜಾರಿಗೊಳಿಸಿದ್ದು ಇಲಾಖೆ. ಆಡಳಿತ ವಿವಾದಗಳ ಉಚ್ಚ ನ್ಯಾಯಪೀಠವೂ 2019ರ ಅಕ್ಟೋಬರ್‌ವರೆಗೆ ಇಲಾಖೆಯ ನಿಲುವನ್ನೇ ಎತ್ತಿಹಿಡಿದಿತ್ತು. ಪ್ರತಿಯೊಬ್ಬರೂ ಹೊಣೆಯನ್ನು ಮತ್ತೊಬ್ಬರಿಗೆ ದಾಟಿಸುತ್ತ ಹೋದಾಗ ಅದು ಯಾರ ಕೈಯಲ್ಲಿಯೂ ಉಳಿಯಲಿಲ್ಲ.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ರಾಷ್ಟ್ರೀಯ ಓಂಬುಡ್ಸ್‌ಮನ್ 2017ರಲ್ಲಿಯೇ ಇಲಾಖೆಯ ವರ್ತನೆಯನ್ನು ಖಂಡಿಸಿದ್ದರು. ಅದೇ ವರ್ಷ ಇಲಾಖೆಯ ಕಾನೂನು ತಜ್ಞೆ ಸಾಂಡ್ರಾ ಪಾಲ್ಮೆನ್, ಇಲಾಖೆ ತಪ್ಪು ಮಾಡಿದೆ, ತಂದೆತಾಯಿಯರಿಗೆ ಪರಿಹಾರ ಕೊಡಬೇಕು ಎಂದು ಮೇಲಧಿಕಾರಿಗಳಿಗೆ ಟಿಪ್ಪಣಿ ಬರೆದರು. ಅದು ಮೂಲೆಗೆ ಸೇರಿತು; ಬೆಳಕಿಗೆ ಬಂದದ್ದು 2020ರಲ್ಲಿ. ಸಂಸದರಾದ ಪೀಟರ್ ಓಮ್‌ಟ್ಸಿಖ್ತ್, ರೆನ್ಸ್ಕೆ ಲೇಟೆನ್ ಹಾಗೂ ಕೆಲವು ಪತ್ರಕರ್ತರು ಪಟ್ಟುಬಿಡದೆ ಪ್ರಶ್ನಿಸದೆ ಹೋಗಿದ್ದರೆ ಸತ್ಯವು ಕಡತಗಳಲ್ಲಿಯೇ ಹೂತುಹೋಗುತ್ತಿತ್ತು.

2020ರ ಡಿಸೆಂಬರಿನಲ್ಲಿ ಸಂಸದೀಯ ಸಮಿತಿಯು, ಇದು ಹಿಂದೆಂದೂ ಕಂಡರಿಯದ ಅನ್ಯಾಯವೆಂದು ವರದಿ ಮಾಡಿತು. 2021ರ ಜನವರಿ 15ರಂದು ಪ್ರಧಾನಿ ಮಾರ್ಕ್ ರುಟ್ಟೆಯವರ ಸಚಿವ ಸಂಪುಟ ರಾಜೀನಾಮೆಯಿತ್ತಿತು. ಸಂತ್ರಸ್ತ ಪಾಲಕರಿಗೆ ತಲಾ 30,000 ಯೂರೋ ಪರಿಹಾರ ಗೊತ್ತಾಯಿತು. ಪೌರತ್ವದ ಮಾಹಿತಿಯನ್ನು ಕಾನೂನುಬಾಹಿರವಾಗಿ ಬಳಸಿದ್ದಕ್ಕಾಗಿ ತೆರಿಗೆ ಇಲಾಖೆಗೆ 27.5 ಲಕ್ಷ ಯೂರೋ ದಂಡ ಬಿತ್ತು. 2024ರ ಆಗಸ್ಟ್ 1ರಂದು ಅಸ್ತಿತ್ವಕ್ಕೆ ಬಂದ ಯೂರೋಪಿಯನ್ ಒಕ್ಕೂಟದ ಕೃತಕ ಬುದ್ಧಿಮತ್ತೆಯ ಕಾನೂನು, ಸರಕಾರಿ ನೆರವಿಗೆ ಅರ್ಹತೆಯನ್ನೂ ವ್ಯಕ್ತಿಯ ಸಾಲಯೋಗ್ಯತೆಯನ್ನೂ ಅಳೆಯುವ ವ್ಯವಸ್ಥೆಗಳನ್ನು ಹೆಚ್ಚಿನ ಅಪಾಯದವೆಂದು ಪರಿಗಣಿಸಿ, ಅವುಗಳ ಮೇಲೆ ಮನುಷ್ಯರ ಮೇಲ್ವಿಚಾರಣೆ ಇರಬೇಕೆಂದು ವಿಧಿಸಿದೆ.

ಕಾನೂನು ಬೇಕು, ಆದರೆ ಅದು ವಿವೇಕದ ಬದಲಿಯಲ್ಲ. ಯಂತ್ರದ ಎಣಿಕೆಗೆ ಕಾರಣ ಕೇಳುವ ಅಭ್ಯಾಸ, ಅದನ್ನು ತಳ್ಳಿಹಾಕಬಲ್ಲ ಅಧಿಕಾರ, ನೊಂದವರ ಅಹವಾಲಿಗೆ ತೆರೆದ ಬಾಗಿಲು ಈ ಮೂರೂ ಮನುಷ್ಯರಲ್ಲಿಯೇ ಉಳಿಯಬೇಕು. ಸಾಲ ಕೊಡುವ ಬ್ಯಾಂಕಿಗೂ ವಿದ್ಯಾರ್ಥಿವೇತನ ಹಂಚುವ ದತ್ತಿ ಸಂಸ್ಥೆಗೂ ಇದು ಸಮಾನವಾಗಿ ಅನ್ವಯಿಸುತ್ತದೆ. ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು. ಪ್ರಮಾದದ ಹೊಣೆಯನ್ನು ಒಪ್ಪಿಸಲಾಗದು.