ಚಮಚದಲ್ಲಿ ಕಂಡ ಕಾಯಿಲೆ

ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ಸಂಜೆಗೆ ಕಾಲು ಬಾವು, ಬೆರಳಿಂದ ಒತ್ತಿದರೆ ಕುಳಿ. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಈ ಊತವನ್ನೇ ಒಂದು ಕಾಯಿಲೆ ಅಂದುಕೊಂಡಿದ್ದರು.

ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ ಅಂಥ ರೋಗಿಗಳ ಮೂತ್ರವನ್ನು ಚಮಚಕ್ಕೆ ಹಾಕಿ ಮೇಣದಬತ್ತಿಯ ಉರಿಗೆ ಹಿಡಿದರು. ಗಿಣ್ಣದ ಹಾಲು ಕಾಯಿಸಿದರೆ ಗಟ್ಟಿಯಾಗುತ್ತಲ್ಲ, ಹಾಗೆ ಕೆಲವರ ಮೂತ್ರ ಬೆಳ್ಳಗೆ ಹೆಪ್ಪಾಯಿತು. ಅವರು ತೀರಿಕೊಂಡ ಮೇಲೆ ಶವಪರೀಕ್ಷೆ ಮಾಡಿದರೆ ಕಿಡ್ನಿ ಕೆಟ್ಟಿತ್ತು. ಊತ, ಮೂತ್ರ, ಕಿಡ್ನಿ ಮೂರಕ್ಕೂ ನಂಟಿದೆ ಎಂದು 1827ರಲ್ಲಿ ಪುಸ್ತಕ ಬರೆದರು. ಎಷ್ಟು ಸಣ್ಣ ಸಾಮಾನು, ಎಂಥ ಪತ್ತೆ ನೋಡಿ!

ಹೆಪ್ಪಾದದ್ದು ಆಲ್ಬುಮಿನ್ ಎಂಬ ಪ್ರೋಟೀನು. ಇಂಥ ರೋಗಿಗಳ ರಕ್ತದಲ್ಲಿ ಅದು ಕಡಿಮೆಯಾಗಿರುವುದನ್ನು ಬ್ರೈಟ್ ಜೊತೆಗಿದ್ದ ಜಾನ್ ಬೋಸ್ಟಾಕ್ ಕಂಡರು. ಅಂದರೆ ರಕ್ತದಲ್ಲಿ ಇರಬೇಕಾದದ್ದು ಮೂತ್ರದಲ್ಲಿ ಸೋರಿ ಹೋಗುತ್ತಿತ್ತು.

ಇದನ್ನು ತಯಾರಿಸುವುದು ನಮ್ಮ ಲಿವರ್. ರಕ್ತನಾಳದೊಳಗೆ ನೀರನ್ನು ಹಿಡಿದಿಡುವುದು ಇದರ ದೊಡ್ಡ ಕೆಲಸ. ಇದು ತೀರಾ ಇಳಿದರೆ ನೀರು ಹೊರಗೆ ಬಸಿದು ಮೈ ಊದುತ್ತದೆ. ಜೊತೆಗೆ ಹಮಾಲಿಯೂ ಉಂಟು: ಕೊಬ್ಬಿನ ಅಂಶ, ಕಾಮಾಲೆಯಲ್ಲಿ ಕಣ್ಣಿಗೇರುವ ಆ ಹಳದಿ, ನಾವು ನುಂಗುವ ಎಷ್ಟೋ ಮಾತ್ರೆಗಳ ಮದ್ದು, ಎಲ್ಲವನ್ನೂ ರಕ್ತದಲ್ಲಿ ಹೊತ್ತು ತಿರುಗುತ್ತದೆ. ಲಿವರ್ ಕೆಟ್ಟರೂ ಆಲ್ಬುಮಿನ್ ಇಳಿಯುತ್ತದೆ. ಇನ್ನು ಹೃದಯ ಸೋತರೂ ಕಾಲು ಊದುವುದುಂಟು. ಹಾಗಾಗಿ ಊತ ನೋಡಿ ಯಾರೋ ಹೇಳಿದ ಮದ್ದು ಕುಡಿಯುವುದು ಅಪಾಯ.

ಅದೇ ಗೈಸ್ ಆಸ್ಪತ್ರೆಯ ಜಾನ್ ಲೀವರ್ 1843ರಲ್ಲಿ, ಫಿಟ್ಸ್ ಬಂದ ಬಸುರಿಯರ ಮೂತ್ರದಲ್ಲೂ ಆಲ್ಬುಮಿನ್ ಇರುವುದನ್ನು ಬರೆದರು. ತಪಾಸಣೆಗೆ ಹೋದಾಗಲೆಲ್ಲ ಮೂತ್ರ ಯಾಕೆ ಕೇಳುತ್ತಾರೆ ಅಂತ ಬೇಜಾರಾಗುವವರು ಇದನ್ನು ನೆನಪಿಡಬೇಕು. ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನು ಬಂದರೆ ತಾಯಿಗೂ ಮಗುವಿಗೂ ಗಂಡಾಂತರ.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಹಾರ್ವರ್ಡ್‌ನಲ್ಲಿ ಎಡ್ವಿನ್ ಕೋನ್, ಆಲ್ಕೋಹಾಲ್ ಮತ್ತು ತಣ್ಪು ಬಳಸಿ ದಾನಿಗಳ ರಕ್ತದಿಂದ ಆಲ್ಬುಮಿನ್ ಬೇರ್ಪಡಿಸಿದರು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದಾಗ ಸುಟ್ಟು ಗಾಯಗೊಂಡ ಕೆಲವರಿಗೆ ಅದನ್ನು ಕೊಟ್ಟರು.

ಇವತ್ತು ಆ ಬಾಟಲಿ ದುಬಾರಿ. ಕಿಡ್ನಿ ಸೋರುತ್ತಿದ್ದರೆ ಏರಿಸಿದ್ದೂ ಹೆಚ್ಚಿನಂಶ ಒಂದೆರಡು ದಿನದಲ್ಲಿ ಮೂತ್ರದಲ್ಲೇ ಹೋಗುತ್ತದೆ. ಬ್ರೈಟ್ ಅವರ ಚಮಚದ ಜಾಗಕ್ಕೆ ಈಗ ಬಣ್ಣ ಬದಲಿಸುವ ಪಟ್ಟಿ ಬಂದಿದೆ. ಸಕ್ಕರೆ ಕಾಯಿಲೆ, ಬಿಪಿ ಇರುವವರ ಕಿಡ್ನಿ ಸದ್ದಿಲ್ಲದೆ ಸೋರುವುದುಂಟು. ಮೂತ್ರದಲ್ಲಿ ನೊರೆ ದಿನವೂ ನಿಲ್ಲುತ್ತಿದ್ದರೆ, ಊತಕ್ಕೆ ಕಾಯದೆ ಪರೀಕ್ಷೆ ಮಾಡಿಸಿ.