ಉರ್ದುವಿನ ಮರೆಯಲ್ಲಿ ಬಂದ ಇಂಗ್ಲಿಷ್ ನುಡಿಗಟ್ಟು

ಬಿಡಿಪದಗಳ ಅರ್ಥವನ್ನು ಕೂಡಿಸಿದರೆ ದೊರೆಯದ ಬೇರೊಂದು ಅರ್ಥವನ್ನು ಒಟ್ಟಾಗಿ ಕೊಡುವ ಪದಸಮೂಹಕ್ಕೆ ನುಡಿಗಟ್ಟು ಅಥವಾ ಪಡೆನುಡಿ ಎಂದು ಹೆಸರು. ಇಂಗ್ಲಿಷಿನ ನುಡಿಗಟ್ಟುಗಳು ಕನ್ನಡಕ್ಕಿಳಿದ ದಾರಿ ಎಲ್ಲ ಸೀಮೆಗಳಲ್ಲೂ ಒಂದೇ ಆಗಿರಲಿಲ್ಲ. ಮೈಸೂರು, ಧಾರವಾಡಗಳಲ್ಲಿ ಇಂಗ್ಲಿಷ್ ಕಲಿತವರೇ ಕನ್ನಡ ಪತ್ರಿಕೆ, ಪಠ್ಯಗಳನ್ನು ಬರೆದುದರಿಂದ ಅವು ನೇರವಾಗಿ ಬಂದವು. ಬೀದರ ಜಿಲ್ಲೆಯ ಬಸವಕಲ್ಯಾಣ, ಮಂಠಾಳ, ಹುಮನಾಬಾದಗಳ ಸೀಮೆಯಾದರೋ 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಸೇರಿದ್ದು, ಅಲ್ಲಿ ಇಂಗ್ಲಿಷಿಗೂ ಕನ್ನಡಕ್ಕೂ ನಡುವೆ ಉರ್ದು ನಿಂತಿತ್ತು.

ಹೈದರಾಬಾದ್ ಸಂಸ್ಥಾನದ ಕಚೇರಿಗಳಲ್ಲಿ 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. 1917ರಲ್ಲಿ ಭಾಷಾಂತರ ವಿಭಾಗವೊಂದು ಆರಂಭವಾಗಿ, ಮರುವರ್ಷ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಬೇಕಾದ ಪಾಶ್ಚಾತ್ಯ ಶಾಸ್ತ್ರಗ್ರಂಥಗಳನ್ನು ಉರ್ದುವಿಗೆ ತಿರುಗಿಸಿತು. ಕನ್ನಡ ಕಲಿಕೆಯ ಪಾಡು ಹೇಗಿತ್ತೆಂದರೆ, ಇದೇ ಸೀಮೆಯ ಭಾಲ್ಕಿಯ ಮಠಾಧೀಶ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಇಂದಿಗೂ ಜನಜನಿತವಾಗಿದೆ. ಹೀಗಾಗಿ ಇಲ್ಲಿನ ಆಡುಮಾತಿನಲ್ಲಿ ಬೇರೂರಿದ ಎರವಲುಗಳು ‘ತಕರಾರು ತೆಗೆ’, ‘ಮುಲಾಜಿಗೆ ಬೀಳು’, ‘ದರ್ಬಾರು ಮಾಡು’ ಎಂಬ ಜಾತಿಯವು. ಕನ್ನಡನಾಡಿನ ಬೇರೆಡೆಯೂ ಕೇಳಿಬರುವ ಇವುಗಳಲ್ಲಿ ನಾಮಪದ ಅರಬ್ಬಿ–ಪಾರಸಿಯದು, ಮಾತಿಗೆ ಜೀವ ಕೊಡುವ ಕ್ರಿಯಾಪದ ಕನ್ನಡದ್ದು.

1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಕನ್ನಡ ಭಾಗ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಪಠ್ಯಪುಸ್ತಕ ಮತ್ತು ಪತ್ರಿಕೆಗಳ ಶಿಷ್ಟ ಕನ್ನಡದೊಡನೆ ಇಂಗ್ಲಿಷ್ ಮೂಲದ ನುಡಿಗಟ್ಟುಗಳೂ ಬಹುಮಟ್ಟಿಗೆ ಕನ್ನಡದ ವೇಷದಲ್ಲೇ ಇಲ್ಲಿಗೆ ತಲುಪಿದವು. ನಷ್ಟದ ನಿಗಮವನ್ನು ಹಳಿಯಲು ಬಳಸುವ ‘ಬಿಳಿಯಾನೆ’ಯ ಹಿಂದೆ, ಸಯಾಮಿನ (ಇಂದಿನ ಥಾಯ್ಲೆಂಡ್) ದೊರೆಗಳು ತಮಗೆ ಬೇಡವಾದ ಆಸ್ಥಾನಿಕನಿಗೆ ಸಾಕಲಾಗದ ಆನೆಯನ್ನು ದಾನವಿತ್ತು ಅವನನ್ನು ದಿವಾಳಿ ಎಬ್ಬಿಸುತ್ತಿದ್ದರೆಂಬ ಕತೆಯಿದೆ; ಪೂರ್ವದೇಶದ ಆನೆ ಇಂಗ್ಲೆಂಡನ್ನು ಸುತ್ತಿಕೊಂಡು ಕನ್ನಡಕ್ಕೆ ಬಂದುದು ವಿನೋದದ ಸಂಗತಿಯೇ ಸರಿ. ಯೋಜನೆಗೆ ಒಪ್ಪಿಗೆ ಕೊಡುವುದೆಂಬ ಅರ್ಥದ ‘ಹಸಿರು ನಿಶಾನೆ ತೋರು’ ಇನ್ನೂ ವಿಚಿತ್ರವಾದುದು. ಅದರ ಕಲ್ಪನೆ ಇಂಗ್ಲಿಷಿನದಾದರೂ, ಗುರುತು ಅಥವಾ ಬಾವುಟ ಎಂಬರ್ಥದ ‘ನಿಶಾನ್’ ಪಾರಸಿಯದು. ರೈಲಿನ ಸಂಕೇತದಿಂದ ಬೆಳೆದ ಈ ಮಾತು, ಹುಮನಾಬಾದನ್ನು ಹಾದುಹೋಗುವ ಬೀದರ–ಕಲಬುರಗಿ ಮಾರ್ಗ 2017ರಲ್ಲಿ ಉದ್ಘಾಟನೆಯಾಗುವ ಎಷ್ಟೋ ಮೊದಲೇ ಪತ್ರಿಕೆಗಳ ಮೂಲಕ ಈ ತಾಲ್ಲೂಕುಗಳಿಗೆ ಬಂದಿತ್ತು. ಆದರೂ ಪತ್ರಿಕೆ ‘ಹಸಿರು ನಿಶಾನೆ’ ಎಂದು ಅಚ್ಚು ಹಾಕುವುದನ್ನೇ, ಕಚೇರಿಯಿಂದ ಹೊರಬರುವ ರೈತ ಉರ್ದುವಿನ ದಾರಿಯಲ್ಲಿ ಬಂದ ‘ಮಂಜೂರಾಯ್ತು’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾನೆ.