ಕಲ್ಕತ್ತೆಯ ವೈದ್ಯ, ಕಂಕನಾಡಿಯ ಪಾದ್ರಿ

ಶ್ರೀರಾಮಕೃಷ್ಣ ವಚನವೇದವನ್ನು ಓದಿದವರಿಗೆ ಡಾ. ಮಹೇಂದ್ರಲಾಲ್ ಸರ್ಕಾರ್ ಅಪರಿಚಿತರಲ್ಲ. 1885ರಲ್ಲಿ ಪರಮಹಂಸರ ಗಂಟಲ ಬೇನೆ ಉಲ್ಬಣಿಸಿದಾಗ ಶಿಷ್ಯರು ಕರೆತಂದ ವೈದ್ಯರು ಅವರು. ನಾಡಿ ನೋಡಿ ಮದ್ದು ಕೊಟ್ಟು ಹೊರಡಬೇಕಾದವರು ಗಂಟೆಗಟ್ಟಲೆ ಅಲ್ಲೇ ಕೂತುಬಿಡುತ್ತಿದ್ದರು. ಮನುಷ್ಯನನ್ನು ಅವತಾರವೆಂದು ಪೂಜಿಸುವುದು ಅವರಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಗಿರೀಶಚಂದ್ರ ಘೋಷ, ನರೇಂದ್ರ ಮೊದಲಾದ ಶಿಷ್ಯರೊಡನೆ ನೇರವಾಗಿ ವಾದಕ್ಕಿಳಿಯುತ್ತಿದ್ದರು. ಆದರೂ ಮರುದಿನ ಮತ್ತೆ ಬರುತ್ತಿದ್ದರು. ಅವರು ಕೊಡುತ್ತಿದ್ದುದು ಹೋಮಿಯೋಪಥಿ ಔಷಧ. ರೋಗ ಕ್ಯಾನ್ಸರ್, ಗುಣವಾಗಲಿಲ್ಲ. 1886ರ ಆಗಸ್ಟ್ 16ರಂದು ಪರಮಹಂಸರು ದೇಹ ಬಿಟ್ಟರು.

ಪುಸ್ತಕದ ಪುಟಗಳಲ್ಲಿ ಹಟಮಾರಿ ತಾರ್ಕಿಕನಾಗಿ ಕಾಣುವ ಈ ವೈದ್ಯರ ಬದುಕು ಭಾರತದಲ್ಲಿ ಹೋಮಿಯೋಪಥಿ ಬೇರೂರಿದ ಕಥೆಯ ತಿರುಳು. ಆ ಕಥೆ ನಮ್ಮ ಮಂಗಳೂರಿನವರೆಗೂ ಬರುತ್ತದೆ.

ಸರ್ಕಾರ್ ಹುಟ್ಟಿದ್ದು 1833ರಲ್ಲಿ, ಹೌರಾದ ಬಳಿಯ ಹಳ್ಳಿಯೊಂದರಲ್ಲಿ. ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಸೋದರಮಾವಂದಿರ ಮನೆಯಲ್ಲಿ ಬೆಳೆದರು. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಓದಿ, 1863ರಲ್ಲಿ ಎಂ.ಡಿ. ಪದವಿ ಪಡೆದರು. ಕಲ್ಕತ್ತಾ ವಿಶ್ವವಿದ್ಯಾಲಯ ಆ ಪದವಿ ಕೊಟ್ಟ ಎರಡನೆಯ ವ್ಯಕ್ತಿ ಅವರು. ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ನಿನ ಬಂಗಾಳ ಶಾಖೆ ಆರಂಭವಾಯಿತು. ಅದರ ಮೊದಲ ಸಭೆಯಲ್ಲಿ ಹೋಮಿಯೋಪಥಿಯನ್ನು ಅವರು ತರಾಟೆಗೆ ತೆಗೆದುಕೊಂಡರು. ಸಭೆ ಮೆಚ್ಚಿತು. ಆಮೇಲೆ ಅವರು ಆ ಶಾಖೆಯ ಕಾರ್ಯದರ್ಶಿಯೂ ಆದರು.

ಅಂದು ಕಲ್ಕತ್ತೆಯಲ್ಲಿ ಹೋಮಿಯೋಪಥಿಯ ಧ್ವಜ ಹಿಡಿದಿದ್ದವರು ವೈದ್ಯರಲ್ಲ, ಬಾಬು ರಾಜೇಂದ್ರಲಾಲ್ ದತ್ತ ಎಂಬ ಶ್ರೀಮಂತ. ಹೆಸರಾಂತ ವರ್ತಕ ಮನೆತನದವರು, ಬಡವರಿಗೆ ಕಾಸು ಮುಟ್ಟದೆ ಔಷಧ ಕೊಡುತ್ತಿದ್ದರು. ರಾಜಾ ರಾಧಾಕಾಂತ ದೇವ್ ದತ್ತರ ಬಳಿ ಚಿಕಿತ್ಸೆ ಪಡೆದರು. ತಲೆನೋವಿನಿಂದ ಬಳಲುತ್ತಿದ್ದ ಈಶ್ವರಚಂದ್ರ ವಿದ್ಯಾಸಾಗರರೂ ಅವರ ಮದ್ದು ತಿಂದು, ಮುಂದೆ ತಾವೇ ಪುಸ್ತಕ ತರಿಸಿ ಓದಿದರು. ಕಡೆಗಾಲದಲ್ಲಿ ಕರ್ಮಾಟಾರಿನಲ್ಲಿದ್ದಾಗ ಮನೆ ಬಾಗಿಲಿಗೆ ಬರುವ ಸಂತಾಲರಿಗೆ ಔಷಧ ಕೊಡುವುದು ವಿದ್ಯಾಸಾಗರರ ನಿತ್ಯದ ಕೆಲಸಗಳಲ್ಲೊಂದಾಗಿತ್ತು.

ಇಷ್ಟು ಓದಿಕೊಂಡ, ಇಷ್ಟು ಲೋಕ ಕಂಡ ಜನ ಯಾಕೆ ಇದರತ್ತ ವಾಲಿದರು? ಉತ್ತರ ಸಿಗುವುದು ಅಂದಿನ ಆಸ್ಪತ್ರೆಯಲ್ಲಿ. ಜ್ವರ ಬಂದರೆ ನರ ಕೊಯ್ದು ರಕ್ತ ಹರಿಸುವುದು, ಜಿಗಣೆ ಹಚ್ಚುವುದು, ಪಾದರಸದ ಕ್ಯಾಲೊಮೆಲ್ ಕೊಟ್ಟು ಬಾಯಲ್ಲಿ ಜೊಲ್ಲು ಸುರಿಯುವವರೆಗೆ ಬಿಡುವುದು, ಕಾಲರಾದಿಂದ ಬಸವಳಿದವನಿಗೂ ಭೇದಿ ಮದ್ದು ಕುಡಿಸುವುದು ಆ ಕಾಲದ ಮಾನ್ಯ ಚಿಕಿತ್ಸೆಗಳು. ರೋಗಾಣು ಸಿದ್ಧಾಂತ ಇನ್ನೂ ನೆಲೆಗೊಂಡಿರಲಿಲ್ಲ. ಜರ್ಮನಿಯ ಸ್ಯಾಮ್ಯುಯೆಲ್ ಹಾನೆಮನ್ ವೈದ್ಯಕೀಯವನ್ನು ಕಲಿತೂ ಈ ಹಿಂಸೆಗೆ ಬೇಸತ್ತಿದ್ದವನು. ಔಷಧ ಕುರಿತ ಸ್ಕಾಟ್ಲೆಂಡಿನ ಕಲೆನ್ನನ ಗ್ರಂಥವನ್ನು 1790ರಲ್ಲಿ ಅನುವಾದಿಸುತ್ತಿದ್ದಾಗ ಅವನು ಸಿಂಕೋನಾ ತೊಗಟೆಯನ್ನು ಸ್ವತಃ ತಿಂದು ನೋಡಿದ. ಮಲೇರಿಯಾದಂಥ ಲಕ್ಷಣ ಕಂಡಿತು ಎಂದ. ಆರೋಗ್ಯವಂತನಲ್ಲಿ ಯಾವ ಲಕ್ಷಣ ಹುಟ್ಟಿಸುವುದೋ ಅದೇ ಲಕ್ಷಣದ ರೋಗಿಯನ್ನು ಆ ವಸ್ತು ಗುಣಪಡಿಸುತ್ತದೆ ಎಂಬುದು ಅಲ್ಲಿಂದ ಅವನು ಕಟ್ಟಿದ ನಿಯಮ. 1810ರಲ್ಲಿ ಅದು ‘ಆರ್ಗನಾನ್’ ಎಂಬ ಗ್ರಂಥವಾಯಿತು.

ಹಾನೆಮನ್ ಔಷಧ ಮಾಡುತ್ತಿದ್ದ ಬಗೆಯೇ ಇಂದಿಗೂ ನಡೆದಿದೆ. ಕಾಸರಕದ ಬೀಜವನ್ನೋ ಆರ್ನಿಕಾ ಗಿಡವನ್ನೋ ಮದ್ಯಸಾರದಲ್ಲಿ ನೆನೆಸಿ ಮದರ್ ಟಿಂಕ್ಚರ್ ತೆಗೆಯುತ್ತಾರೆ. ಅದರ 1 ಭಾಗಕ್ಕೆ 99 ಭಾಗ ಮದ್ಯಸಾರ ಬೆರೆಸಿ ಕುಲುಕುತ್ತಾರೆ. ಬಂದದ್ದರಲ್ಲಿ 1 ಭಾಗ ತೆಗೆದು ಮತ್ತೆ 99ಕ್ಕೆ ಬೆರೆಸುತ್ತಾರೆ. ಹೀಗೆ 30 ಸಲ ಮಾಡಿದರೆ 30ರ ಪೊಟೆನ್ಸಿ. ರಸಾಯನಶಾಸ್ತ್ರದ ಲೆಕ್ಕದಲ್ಲಿ 12 ಸಲ ದಾಟುವಷ್ಟರಲ್ಲಿ ಮೂಲವಸ್ತುವಿನ ಒಂದು ಅಣುವೂ ಉಳಿಯುವ ಸಂಭವ ಇಲ್ಲವಾಗುತ್ತದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಲಭ್ಯವಿದ್ದ ಅಧ್ಯಯನಗಳನ್ನು ಜಾಲಾಡಿ, ಯಾವುದೇ ರೋಗಕ್ಕೆ ಈ ಔಷಧ ಪರಿಣಾಮಕಾರಿ ಎನ್ನಲು ನೆಚ್ಚಬಹುದಾದ ಪುರಾವೆ ಇಲ್ಲವೆಂದು 2015ರಲ್ಲಿ ಹೇಳಿತು. ಇದನ್ನು ಮುಚ್ಚಿಟ್ಟು ಹೋಮಿಯೋಪಥಿಯ ಇತಿಹಾಸ ಬರೆಯುವುದು ಓದುಗರಿಗೆ ಮಾಡುವ ಮೋಸ. ಆದರೆ 19ನೇ ಶತಮಾನದ ರೋಗಿಯ ಮುಂದಿದ್ದ ಆಯ್ಕೆ ಬೇರೆ: ಒಂದು ಕಡೆ ಪಾದರಸ, ಕತ್ತಿ, ಇನ್ನೊಂದು ಕಡೆ ಸಕ್ಕರೆ ಗುಳಿಗೆ, ವಿಶ್ರಾಂತಿ, ಪಥ್ಯ. ಗುಳಿಗೆ ಏನೂ ಮಾಡದೆ ಇದ್ದರೂ ರೋಗಿ ಬದುಕುವ ಸಾಧ್ಯತೆ ಅಲ್ಲೇ ಹೆಚ್ಚಿತ್ತು.

ದೊರೆಗಳಿಗೂ ಇದರ ಕುತೂಹಲ ಇತ್ತು. ಟ್ರಾನ್ಸಿಲ್ವೇನಿಯಾದ ಯೋಹಾನ್ ಮಾರ್ಟಿನ್ ಹೋನಿಗ್‌ಬರ್ಗರ್ ಪ್ಯಾರಿಸಿನಲ್ಲಿ ಹಾನೆಮನ್ನನನ್ನು ಕಂಡು, ಮತ್ತೆ ಲಾಹೋರಿಗೆ ಬಂದು, 1839ರಲ್ಲಿ ಮಹಾರಾಜ ರಣಜಿತ್ ಸಿಂಗನಿಗೆ ಔಷಧ ಕೊಟ್ಟ. ಅದೇ ವರ್ಷ ಮಹಾರಾಜ ತೀರಿಕೊಂಡ. ಭಾರತದಲ್ಲಿ ಹೋಮಿಯೋಪಥಿಯ ಮೊದಲ ದಾಖಲೆಗಳಲ್ಲಿ ಇದನ್ನು ಎಣಿಸುವುದು ವಾಡಿಕೆ. ಆಸ್ಥಾನದಲ್ಲಿ ಶುರುವಾದದ್ದು ಆಸ್ಥಾನದಲ್ಲೇ ನಿಂತಿತು. ಜನರ ನಡುವೆ ಅದನ್ನು ತಂದದ್ದು ಬಂಗಾಳ.

ಸರ್ಕಾರ್ ಕಡೆಗೆ ಮರಳೋಣ. ಮಾರ್ಗನ್ ಎಂಬುವರು ಹೋಮಿಯೋಪಥಿಯ ತತ್ತ್ವದ ಮೇಲೆ ಬರೆದ ಪುಸ್ತಕವೊಂದು ವಿಮರ್ಶೆಗೆಂದು ಅವರ ಕೈಗೆ ಬಂತು. ಹರಿದು ಹಾಕುವ ಉತ್ಸಾಹದಲ್ಲೇ ಓದಲು ಕೂತರು. ಓದಿದ ಮೇಲೆ ಪ್ರಯೋಗ ನೋಡದೆ ತೀರ್ಪು ಕೊಡುವುದು ಸರಿಯಲ್ಲ ಎನಿಸಿತು. ದತ್ತರ ರೋಗಿಗಳನ್ನು ತಾವೇ ಹೋಗಿ ಗಮನಿಸತೊಡಗಿದರು. 1867ರ ಫೆಬ್ರವರಿ 16ರಂದು, ತಾವು ಹಿಂದೆ ಹೋಮಿಯೋಪಥಿಯನ್ನು ಹೀಗಳೆದಿದ್ದ ಅದೇ ಸಂಘದ ಸಭೆಯಲ್ಲಿ ಎದ್ದು ನಿಂತು, ಅಂದಿನ ವೈದ್ಯಕೀಯದ ಅನಿಶ್ಚಿತತೆಯನ್ನು ಎತ್ತಿ ತೋರಿಸಿ, ಹಾನೆಮನ್ನನ ನಿಯಮಕ್ಕೆ ಜಾಗ ಕೊಡಬೇಕೆಂದು ಪ್ರಬಂಧ ಓದಿದರು. ಸಭೆಯಲ್ಲಿ ಗದ್ದಲವೆದ್ದಿತು. ಸಹೋದ್ಯೋಗಿಗಳು ಅವರನ್ನು ದೂರವಿಟ್ಟರು, ರೋಗಿಗಳು ಬಿಟ್ಟುಹೋದರು. 1878ರಲ್ಲಿ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗಕ್ಕೆ ಅವರ ಹೆಸರು ಬಂದಾಗಲೂ ಇತರ ಸದಸ್ಯರು ಜೊತೆಗೆ ಕೂರಲು ಒಪ್ಪಲಿಲ್ಲ.

ಅವರ ತೀರ್ಮಾನವನ್ನು ಇಂದಿನ ವಿಜ್ಞಾನ ಎತ್ತಿಹಿಡಿಯುವುದಿಲ್ಲ. ಆದರೆ ಒಬ್ಬ ಯುವ ವೈದ್ಯ ತಾನು ಕಣ್ಣಾರೆ ಕಂಡದ್ದೆಂದು ನಂಬಿದ ಸಂಗತಿಗಾಗಿ ಕೈಯಲ್ಲಿದ್ದ ಮಾನ, ವರಮಾನ ಎರಡನ್ನೂ ಬಿಟ್ಟುಕೊಟ್ಟದ್ದು ದೊಡ್ಡ ಮಾತು. ಅದಕ್ಕಿಂತ ದೊಡ್ಡದು ಆ ಪೆಟ್ಟು ತಿಂದ ಮೇಲೆ ಅವರು ಮಾಡಿದ ಕೆಲಸ. 1868ರಲ್ಲಿ ‘ಕಲ್ಕತ್ತಾ ಜರ್ನಲ್ ಆಫ್ ಮೆಡಿಸಿನ್’ ಎಂಬ ತಮ್ಮದೇ ಪತ್ರಿಕೆ ಹೊರಡಿಸಿದರು. ಮರುವರ್ಷ ಅದರಲ್ಲೇ, ಭಾರತೀಯರು ಭೌತವಿಜ್ಞಾನಗಳಲ್ಲಿ ಸ್ವತಃ ಸಂಶೋಧನೆ ನಡೆಸುವಂಥ ರಾಷ್ಟ್ರೀಯ ಸಂಸ್ಥೆ ಬೇಕೆಂದು ಬರೆದರು. ಚಂದಾ ಕೇಳುತ್ತಾ ಜಮೀನುದಾರರ ಬಾಗಿಲು ತಟ್ಟಿದರು. ವೈದ್ಯವೃತ್ತಿ ಮತ್ತೆ ಕುದುರಿತ್ತು. ಅದರ ಸಂಪಾದನೆಯೂ ಇದಕ್ಕೇ ಹರಿಯಿತು. 1876ರಲ್ಲಿ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಹುಟ್ಟಿತು. ಜೆಸುಯಿಟ್ ಪಾದ್ರಿ, ಭೌತವಿಜ್ಞಾನದ ಅಧ್ಯಾಪಕ ಯೂಜೀನ್ ಲಾಫೋಂ ಅವರಿಗೆ ಹೆಗಲು ಕೊಟ್ಟರು. ವಿಜಯನಗರಂ ಮಹಾರಾಜರ ಹಣದಲ್ಲಿ ಪ್ರಯೋಗಶಾಲೆ ಎದ್ದಿತು. ಉಪನ್ಯಾಸಗಳು ನಡೆದವು, ಸಂಶೋಧಕರು ಮಾತ್ರ ಬರಲಿಲ್ಲ. ಆ ಕೊರಗಿನಲ್ಲೇ ಸರ್ಕಾರ್ 1904ರಲ್ಲಿ ತೀರಿಕೊಂಡರು.

ಮೂರು ವರ್ಷ ಕಳೆದು, 1907ರಲ್ಲಿ, ಹಣಕಾಸು ಇಲಾಖೆಯ ನೌಕರಿಗೆಂದು ಕಲ್ಕತ್ತೆಗೆ ಬಂದ ತರುಣನೊಬ್ಬ 210, ಬೌಬಜಾರ್ ಬೀದಿಯ ಅಸೋಸಿಯೇಷನ್ ಕಟ್ಟಡದೊಳಗೆ ಕಾಲಿಟ್ಟ. ಅಲ್ಲಿ ಕಾರ್ಯದರ್ಶಿಯಾಗಿದ್ದವರು ಸರ್ಕಾರರ ಮಗ ಅಮೃತಲಾಲ್. ಬಂದವನ ಹೆಸರು ಚಂದ್ರಶೇಖರ ವೆಂಕಟ ರಾಮನ್. ಕಚೇರಿಗೆ ಮುಂಚೆ, ಕಚೇರಿ ಮುಗಿದ ಮೇಲೆ ಅಲ್ಲೇ ಪ್ರಯೋಗ ನಡೆಸಿದರು. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಕಂಡದ್ದು ಅದೇ ಕಟ್ಟಡದಲ್ಲಿ. 1933ರಲ್ಲಿ ರಾಮನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ನಿರ್ದೇಶಕರಾಗಿ ಬಂದರು. ಹೋಮಿಯೋಪಥಿ ವೈದ್ಯರೊಬ್ಬರು ಕಟ್ಟಿದ ಮನೆಯಿಂದ ಭಾರತದ ಭೌತವಿಜ್ಞಾನ ಹೊರಟಿತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಮಕ್ಕಳಿಗೆ ಹೇಳಬೇಕಿತ್ತು.

ಪಡುವಣ ಕರಾವಳಿಯಲ್ಲಿ ಇದೇ ಔಷಧ ಇನ್ನೊಂದು ದಾರಿ ಹಿಡಿಯಿತು. 1878ರ ಕೊನೆಗೆ ಮಂಗಳೂರಿಗೆ ಬಂದ ಜೆಸುಯಿಟರಲ್ಲಿ ಆಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಪಾದ್ರಿ ಇದ್ದರು. ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅವರು ತಮಗೆ ತಿಳಿದಿದ್ದ ಹೋಮಿಯೋಪಥಿ ಔಷಧವನ್ನು ವಿದ್ಯಾರ್ಥಿಗಳಿಗೂ ಬಡವರಿಗೂ ಕೊಡತೊಡಗಿದರು. ಕಂಕನಾಡಿಯ ಆಲದ ಮರದಡಿ ಶುರುವಾಯಿತೆಂದು ಮಂಗಳೂರಿನವರು ಇಂದಿಗೂ ಹೇಳುವ ಆ ಸೇವೆ, 1880ರಲ್ಲಿ ‘ಹೋಮಿಯೋಪಥಿಕ್ ಪೂರ್ ಡಿಸ್ಪೆನ್ಸರಿ’ ಆಯಿತು.

ಮುಲ್ಲರ್ ಪಾದ್ರಿಗಳ ಜಾಣ್ಮೆ ಅಂಚೆಯಲ್ಲಿತ್ತು. ಈ ಔಷಧ ಹಗುರ, ಸಣ್ಣ ಶೀಶೆಯಲ್ಲಿ ಹಿಡಿಯುತ್ತದೆ, ಬೇಗ ಕೆಡುವುದಿಲ್ಲ. ಜೊತೆಗೊಂದು ಕೈಪಿಡಿ ಇದ್ದರೆ ಡಾಕ್ಟರಿಲ್ಲದ ಊರಲ್ಲೂ ಕೊಡಬಹುದು. ಬರ್ಮಾ ಗಡಿಯಿಂದ ತಿರುವಾಂಕೂರಿನವರೆಗೆ ಚರ್ಚುಗಳಲ್ಲಿ, ತೋಟಗಳಲ್ಲಿ, ಸಂಸಾರಗಳಲ್ಲಿ ಔಷಧದ ಪೆಟ್ಟಿಗೆ ಇಟ್ಟುಕೊಳ್ಳುವ ಕಾಲ ಅದು. ಕಂಕನಾಡಿಯಿಂದ ಪಾರ್ಸೆಲುಗಳು ದೇಶದುದ್ದಕ್ಕೂ ಹೋದವು. ಮಾರಿ ಬಂದ ಹಣ ಮಂಗಳೂರಿನ ಬಡರೋಗಿಗಳಿಗೆ ಖರ್ಚಾಯಿತು. 1890ರಲ್ಲಿ ಕುಷ್ಠರೋಗಿಗಳ ಆಶ್ರಯ, 1895ರಲ್ಲಿ ಆಸ್ಪತ್ರೆ, 1902ರಲ್ಲಿ ಪ್ಲೇಗಿಗೆ ಬೇರೆಯೇ ಆಸ್ಪತ್ರೆ. ಮನೆಯವರೇ ಹೊರದೂಡಿದ ಕುಷ್ಠರೋಗಿಗೆ ಗುಳಿಗೆಗಿಂತ ಮೊದಲು ಬೇಕಿದ್ದದ್ದು ಸೂರು, ಅನ್ನ, ಹುಣ್ಣು ತೊಳೆಯುವ ಕೈ. ಕಂಕನಾಡಿಯಲ್ಲಿ ಅದು ಸಿಕ್ಕಿತು. ಕುಷ್ಠರೋಗಿಗಳಿಗೆಂದೇ ಮಹೇಂದ್ರಲಾಲ್ ಸರ್ಕಾರ್ ಕೂಡ ದೇವಘರದಲ್ಲಿ ಹೆಂಡತಿ ರಾಜಕುಮಾರಿಯ ಹೆಸರಿನಲ್ಲಿ ಆಶ್ರಯಧಾಮ ಕಟ್ಟಿಸಿದ್ದರು. ಈ ಇಬ್ಬರ ಕಣ್ಣೂ ಒಂದೇ ಬಗೆಯ ರೋಗಿಯ ಮೇಲೆ ಬಿದ್ದದ್ದು ಗಮನಿಸಬೇಕಾದ ಸಂಗತಿ.

ಮುಲ್ಲರ್ 1910ರ ನವೆಂಬರ್ 1ರಂದು ನಿಧನರಾದರು. ಅವರ ಆಸ್ಪತ್ರೆಗೆ ಅಷ್ಟರಲ್ಲಿ ಇತರ ಪದ್ಧತಿಯ ವೈದ್ಯರೂ ಶಸ್ತ್ರಚಿಕಿತ್ಸೆಯೂ ಬೇಕಾಗತೊಡಗಿದ್ದವು. ಮುಂದಿನ ದಶಕಗಳಲ್ಲಿ ಅದು ಎಲ್ಲ ರೋಗಗಳಿಗೂ ಚಿಕಿತ್ಸೆ ಕೊಡುವ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. 1985ರಲ್ಲಿ ಸಂಸ್ಥೆ ಹೋಮಿಯೋಪಥಿ ಕಾಲೇಜು ತೆರೆಯಿತು, ಈಗ ಅದು ದೇರಳಕಟ್ಟೆಯಲ್ಲಿದೆ. 1999ರಲ್ಲಿ ಎಂ.ಬಿ.ಬಿ.ಎಸ್. ಕಲಿಸುವ ಕಾಲೇಜು ಕಂಕನಾಡಿಯಲ್ಲಿ ಆರಂಭವಾಯಿತು. ಔಷಧ ತಯಾರಿಕೆಯ ವಿಭಾಗವೂ ನಡೆಯುತ್ತಿದೆ. ದಕ್ಷಿಣ ಕನ್ನಡದಿಂದ, ಕಾಸರಗೋಡಿನಿಂದ ಹೆರಿಗೆಗೆ, ಅಪಘಾತಕ್ಕೆ, ಹೃದಯದ ಕಾಯಿಲೆಗೆ ಅಲ್ಲಿಗೆ ಓಡುವ ಜನ, ‘ಮುಲ್ಲರ್ಸ್‌ಗೆ ಕರೆದುಕೊಂಡು ಹೋಗಿ’ ಎನ್ನುತ್ತಾರೆ.